ನನ್ನ ಪಾಲಿನ ಸ್ಪ್ರಿಂಗು

ಮೊನ್ನೆ ಟಾರ್ಚಿಗೆ ಹೊಸ ಸೆಲ್ಲು ಹಾಕುತ್ತಿದ್ದೆ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗಿನ ಸ್ಪ್ರಿಂಗು, ಮಧ್ಯಾಹ್ನದ ಊಟ ಮುಗಿಸಿದ ಗುಮಾಸ್ತನ ಹಾಗೆ ಒಂದು ಕಡೆಗೆ ವಾಲಿಕೊಂಡು ಕೂತಿತ್ತು. ಬೆರಳಿನಿಂದ ಒತ್ತಿದೆ. ತಗ್ಗಿತು. ಬಿಟ್ಟೆ. ಎದ್ದಿತು, ಆದರೆ ಏಳುವ ಮುಂಚೆ ಕೊಂಚ ಯೋಚಿಸಿದಂತೆ ನನಗನ್ನಿಸಿತು. ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ. ಇದು ಇನ್ನೆಷ್ಟು ದಿನ ಬಾಳೀತು, ಗದ್ದೆಯ ಅಂಚಿನಲ್ಲಿ ಹಾವಿನ ಎದುರು ನಿಂತಾಗಲೇ ಕೈಕೊಟ್ಟರೆ ಗತಿಯೇನು, ಸ್ಪ್ರಿಂಗು ಒಂದನ್ನೇ ಕೊಡಿ ಎಂದರೆ ಅಂಗಡಿಯವನು ನಕ್ಕಾನೇ ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಗಿರಿಜೆ, "ಅಂತೋನಿ ಮೇಸ್ತ್ರಿಗೆ ಹೇಳಿ ಕಳಿಸ್ಲಾ?" ಎಂದಳು.

ಅಷ್ಟೇ ಹೇಳಿದ್ದು. ಹೇಳಿ ಒಳಗೆ ಹೋದಳು. ಒಳಗಿನಿಂದ ಸೆರಗು ಬಾಯಿಗಿಟ್ಟುಕೊಂಡು ನಗುವ ಸದ್ದು ಬಂತು. ಒಂದು ಸ್ಪ್ರಿಂಗಿಗೆ ಇಷ್ಟೊಂದು ನಗು ಯಾಕೆ ಎಂದು ನೀವು ಕೇಳುತ್ತೀರಿ. ಅವಳ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿಬಿಡಿ. ಅವಳು ಹೇಳಿದರೆ ಕಥೆಯಲ್ಲಿ ನಾನು ಇನ್ನೂ ಸಣ್ಣವನಾಗುತ್ತೇನೆ.

ಚಿಂತೆ ಮಾಡುವುದು ನನ್ನ ಕಸುಬು. ಬೇಸಾಯ ಬಿಡುವಿದ್ದಾಗ ಮಾಡುವಂಥದ್ದು. ಸಾಗರಕ್ಕೆ ಹೋಗಬೇಕಾದರೆ ಬಸ್ಸು ಬರುವುದಕ್ಕೆ ಎಷ್ಟೋ ಹೊತ್ತು ಮೊದಲೇ ರಸ್ತೆಗೆ ಬಂದು ನಿಲ್ಲುತ್ತೇನೆ. ನಿಂತ ಮೇಲೆ, ಇವತ್ತು ಬಸ್ಸು ಬೇಗ ಹೋಗಿಬಿಟ್ಟಿತೇನೋ ಎಂಬ ಚಿಂತೆ. ಬಸ್ಸು ಬಂದು, ಹತ್ತಿ ಕೂತ ಮೇಲೆ, ಕೊಟ್ಟಿಗೆಯ ಅಗಳಿ ಹಾಕಿದೆನೋ ಇಲ್ಲವೋ ಎಂಬ ಚಿಂತೆ. ಹೊಸನಗರದ ಸಂತೆಯಲ್ಲಿ ಕೊಡೆ ಮರೆತೆನೆಂದು ಅರ್ಧ ದಾರಿಯಿಂದ ಓಡೋಡಿ ತಿರುಗಿ ಹೋದವನು ನಾನು. ಕೊಡೆ ಕಂಕುಳಲ್ಲಿತ್ತು.

ಇದು ಚಿಕ್ಕಂದಿನಿಂದ ಬಂದದ್ದು. ಅಪ್ಪಯ್ಯನ ಕಾಲದಲ್ಲಿ ನಮ್ಮ ಆಲೆಮನೆಯ ಗಾಣ ತಿರುಗಿಸುತ್ತಿದ್ದದ್ದು ಕೋಣಗಳು. ಚಳಿ ಇಳಿಯುವ ಹೊತ್ತಿಗೆ ಕಬ್ಬು ಕಡಿದು, ಗಾಣಕ್ಕೆ ಕೊಟ್ಟು, ಇಳಿದ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಪಾಕದಂಥ ಜೋನಿ ಬೆಲ್ಲ ಮಾಡುತ್ತಿದ್ದರು. ಗಾಣದ ಉದ್ದನೆಯ ತೊಲೆಯ ಮೇಲೆ ನಾನೂ ನನ್ನ ತಮ್ಮ ಶೇಷಪ್ಪನೂ ಕೂರುತ್ತಿದ್ದೆವು. ಕೋಣಗಳು ಸುತ್ತುವುದು, ಅವುಗಳ ಬೆನ್ನ ಹಿಂದೆ ನಾವು ಸುತ್ತುವುದು. ಇಷ್ಟು ಸುತ್ತಿದರೆ ಕೋಣಕ್ಕೆ ತಲೆ ತಿರುಗುವುದಿಲ್ಲವೇ, ತಿರುಗಿದರೆ ಯಾವ ಕಡೆಗೆ ಬಿದ್ದೀತು, ಆಗ ನಾನು ಯಾವ ಕಡೆಗೆ ಹಾರಬೇಕು? ನನ್ನ ಬಾಲ್ಯದ ಬಹುಭಾಗ ಈ ಯೋಚನೆಯಲ್ಲೇ ಕಳೆಯಿತು. ಶೇಷಪ್ಪ ಬಾಯಲ್ಲಿ ಕಬ್ಬಿನ ತುಂಡು ಕಚ್ಚಿಕೊಂಡು ತೊಲೆಗೆ ಒರಗಿ ನಿದ್ದೆ ಮಾಡುತ್ತಿದ್ದ. ಒಮ್ಮೆ ನಿದ್ದೆಯಲ್ಲೇ ಜಾರಿ ಕೆಳಗೆ ಬಿದ್ದ. ಬಿದ್ದಲ್ಲೇ ನಿದ್ದೆ ಮುಂದುವರಿಸಿದ. ಅತ್ತವನು ನಾನು.

ನಾವು ದೊಡ್ಡವರಾದ ಮೇಲೆ ಕೋಣಗಳ ಜಾಗಕ್ಕೆ ಎಂಜಿನ್ನು ಬಂತು. ಅತ್ತ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದರೂ ನಮ್ಮೂರಿಗೆ ಕರೆಂಟು ಇನ್ನೂ ದೂರದ ಮಾತಾಗಿದ್ದ ಕಾಲ. ಯಾರೋ ಓಡಿಸಿ ಬಿಟ್ಟ, ಕ್ರೂಡಾಯಿಲಿನಿಂದ ಓಡುವ ಹಳೆಯ ಆಯಿಲ್ ಎಂಜಿನ್ನು ಅದು. ಒಂದೇ ಸಿಲಿಂಡರು, ಪಕ್ಕದಲ್ಲಿ ಗಾಡಿಗಾಲಿಯಂಥ ಭಾರದ ಚಕ್ರ, ತಣ್ಣಗಿಡಲು ಒಂದು ಡ್ರಮ್ಮು ನೀರು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಒಂದೆರಡು ಸಲ ಕೆಮ್ಮಿ, ಹೊಗೆ ಕಾರಿ, ಆಮೇಲೆ ತುಕ್ ತುಕ್ ತುಕ್ ಎಂದು ಶುರುವಾದರೆ ಪಕ್ಕದ ಊರಿಗೂ ನಮ್ಮ ಆಲೆಮನೆಯ ಸುದ್ದಿ ಮುಟ್ಟುತ್ತಿತ್ತು. ಅದರ ನೆತ್ತಿಗೆ ಮುಚ್ಚಳವಿರಲಿಲ್ಲ. ಅಲ್ಲಿ ಎರಡು ವಾಲ್ವುಗಳು, ಒಂದು ಗಾಳಿ ಎಳೆದುಕೊಳ್ಳುವುದಕ್ಕೆ, ಇನ್ನೊಂದು ಹೊಗೆ ಬಿಡುವುದಕ್ಕೆ. ತೆರೆದ ವಾಲ್ವನ್ನು ಮತ್ತೆ ಎಳೆದು ಮುಚ್ಚಲು ಎರಡಕ್ಕೂ ಒಂದೊಂದು ಗಿಡ್ಡನೆಯ ದಪ್ಪ ಸ್ಪ್ರಿಂಗು. ಎಂಜಿನ್ನು ಓಡುವಷ್ಟು ಹೊತ್ತೂ ಅವೆರಡೂ ಕಣ್ಣೆದುರಿಗೇ ಕುಣಿಯುತ್ತಿದ್ದವು. ಚಿಂತೆ ಮಾಡುವವನ ಎದುರಿಗೆ ಇಂಥ ಯಂತ್ರ ಇಡಬಾರದು. ಒಂದು ಮುಚ್ಚಳವಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಎಂಜಿನ್ನು ಬಂದ ಕೆಲವು ವರ್ಷಕ್ಕೆ ನಾವು ಪಾಲಾದೆವು. ಜಗಳವೇನಿಲ್ಲ. ಎರಡು ಸಂಸಾರಕ್ಕೆ ಒಂದು ಅಡುಗೆಮನೆ ಸಾಲದಾಯಿತು, ಅಷ್ಟೇ. ನಮ್ಮಲ್ಲಿ ಪಾಲಿಗೆ ಒಂದು ಕ್ರಮವಿದೆ. ಹಿರಿಯವನು ಎರಡು ಭಾಗ ಮಾಡಿಡಬೇಕು, ಕಿರಿಯವನು ತನಗೆ ಬೇಕಾದ್ದನ್ನು ಮೊದಲು ಎತ್ತಿಕೊಳ್ಳಬೇಕು. ಹಿರಿಯವನು ಮೋಸ ಮಾಡದಿರಲಿ ಎಂದು ಮಾಡಿದ ಏರ್ಪಾಡಂತೆ. ನನ್ನಂಥ ಹಿರಿಯವನಿಗೆ ಹುಚ್ಚು ಹಿಡಿಯಲಿ ಎಂದೂ ಇದ್ದೀತು. ಎರಡು ತಾಮ್ರದ ಹಂಡೆಗಳಲ್ಲಿ ಒಂದಕ್ಕೆ ನೆಗ್ಗು ಬಿದ್ದಿತ್ತು. ಸರಿದೂಗಲಿ ಎಂದು ಅದರ ಜೊತೆಗೆ ಒಂದು ಹಿತ್ತಾಳೆ ಸೌಟು ಇಟ್ಟೆ. ಸೌಟು ಹೆಚ್ಚಾಯಿತೇನೋ ಎಂದು ತೆಗೆದು ಜಾಲರಿ ಇಟ್ಟೆ. ಜಾಲರಿ ಕಡಿಮೆಯಾಯಿತೆಂದು ಮತ್ತೆ ಸೌಟು. ಶೇಷಪ್ಪ ಬಂದವನು ಏನನ್ನೂ ನೋಡದೆ ಬಾಗಿಲ ಹತ್ತಿರವಿದ್ದ ಭಾಗವನ್ನು ಎತ್ತಿಕೊಂಡು ಹೋದ. ನೆಗ್ಗಿದ ಹಂಡೆ ಅದರಲ್ಲಿತ್ತು. ನಾನು ಎಷ್ಟೋ ದಿನ ಆ ಹಂಡೆಯ ಬಗ್ಗೆ ಕೊರಗಿದೆ. ಅವನು ಅದರಲ್ಲಿ ನೀರು ಕಾಯಿಸಿ ಹಾಡಿಕೊಂಡು ಮೀಯುತ್ತಿದ್ದ.

ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಕೊನೆಗೆ ಉಳಿದದ್ದು ಎಂಜಿನ್ನು. ಪಾಲು ಮಾಡಿಸಲು ಬಂದಿದ್ದ ನಮ್ಮ ಸೋದರಮಾವ, "ಒಬ್ಬರಿಗೆ ಎಂಜಿನ್, ಒಬ್ಬರಿಗೆ ಗಾಣ" ಎಂದರು.

"ಹಂಗಾದ್ರೆ ನಾವಿಬ್ರೂ ನಡುವೆ ಬೆಲ್ಟ್ ಹಿಡ್ಕಂಡು ನಿಲ್ಬೇಕಾತದೆ ಮಾವ" ಎಂದ ಶೇಷಪ್ಪ. ಎಂಜಿನ್ನೂ ಗಾಣವೂ ಜಂಟಿಯಾಗಿಯೇ ಉಳಿದವು.

ಪಾಲಾದ ಮೇಲೆ ಒಂದು ವಿಚಿತ್ರವಾಯಿತು. ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾಗ ಮಾತಿಗೆ ಬರವಿರಲಿಲ್ಲ. ಈಗ ಅವನ ಗದ್ದೆ ಅವನದು, ನನ್ನ ಎತ್ತು ನನ್ನದು. ಅವನ ಎಮ್ಮೆ ಈದರೆ ನಾನು ಏನೆಂದು ಕೇಳುವುದು, ಕೇಳಿದರೆ ಅವನು ಏನೆಂದುಕೊಳ್ಳುವುದು? ಅಂಗಳದಲ್ಲಿ ಎದುರಾದಾಗ ಇಬ್ಬರೂ ಆಕಾಶ ನೋಡುತ್ತಿದ್ದೆವು. "ಕ್ರೂಡಾಯಿಲ್ ತಂದ್ಯಾ?" "ಹೂಂ." "ಬೆಲ್ಟ್ ಬಿಸಿಲಿಗೆ ಹಾಕ್ಬೇಕು." "ಹೂಂ." ಇಷ್ಟೇ ಮಾತು. ಆ ಇಷ್ಟಕ್ಕೂ ನೆಪ ಎಂಜಿನ್ನೇ. ಹೀಗಿರುವಾಗ ಒಂದು ಬೆಳಿಗ್ಗೆ ಶೇಷಪ್ಪ ಜಗಲಿಗೆ ಬಂದು ನಿಂತ.

"ಅಣ್ಣಯ್ಯ, ಎಂಜಿನ್ ಕೊಟ್ಬಿಡಾಣ ಕಣಾ. ಕೋಣಂದೂರಿನ ಪುಟ್ಟೇಗೌಡ್ರು ಕೇಳಿದಾರೆ. ಪಾಲಾದ ಮೇಲೆ ಪೂರಾ ಪಾಲಾದ್ರೇ ಚೆಂದ. ಜಂಟಿ ಅಂದ್ರೆ ಇವತ್ತಲ್ಲ ನಾಳೆ ತಕರಾರು."

"ಈ ವರ್ಷದ ಕಬ್ಬು?"

"ಈ ವರ್ಷ ರಿಪೇರಿ ಮಾಡ್ಸಿ ಓಡ್ಸಾಣ. ಕಬ್ಬು ಮುಗಿದ್ಮೇಲೆ ಅವ್ರು ಬಂದು ನೋಡ್ತಾರೆ. ನಡುವೆ ಎಲ್ಲಾದ್ರೂ ಕೆಟ್ಟು ನಿಂತ್ರೆ, ಸಿಕ್ಕಿದಷ್ಟಕ್ಕೆ ಕೊಡೋದೇ."

"ನಿಲ್ಲದೇ ಓಡಿದ್ರೆ?"

"ಓಡಿದ್ರೆ ಒಳ್ಳೇ ಬೆಲೆಗೆ ಕೊಡೋದು."

ನನಗೆ ಗೆಲ್ಲುವ ದಾರಿ ಇದರಲ್ಲಿ ಎಲ್ಲಿಯೂ ಕಾಣಲಿಲ್ಲ. ಆದರೂ ಒಂದು ಆಸೆ ಇಟ್ಟುಕೊಂಡೆ. ಎಂಜಿನ್ನು ಎಷ್ಟು ಚೆನ್ನಾಗಿ ಓಡಬೇಕೆಂದರೆ ಶೇಷಪ್ಪನಿಗೆ ಕೊಡುವ ಮನಸ್ಸೇ ಬರಬಾರದು. ಅದು ಕೋಣಂದೂರಿನ ಗಾಡಿ ಹತ್ತಿ ಹೋದರೆ ನಾವಿಬ್ಬರೂ ಉಳಿದ ಆಯುಷ್ಯವೆಲ್ಲ ಆಕಾಶ ನೋಡಿಕೊಂಡೇ ಇರಬೇಕು. ಇದನ್ನು ಅವನಿಗೆ ಬಾಯಿಬಿಟ್ಟು ಹೇಳಬಹುದಾಗಿತ್ತು. ಆದರೆ ಅಣ್ಣತಮ್ಮಂದಿರು ಇಂಥದ್ದನ್ನೆಲ್ಲ ಎಲ್ಲಿ ಹೇಳುತ್ತಾರೆ? ಸಾಗರಕ್ಕೆ ಹೋಗಿ ಅಂತೋನಿ ಮೇಸ್ತ್ರಿಯನ್ನು ಕರೆತಂದೆ.

ಆಗ ಸಾಗರದ ಸೀಮೆಯ ಮೇಸ್ತ್ರಿಗಳೆಲ್ಲ ಅಣೆಕಟ್ಟಿನ ಲಾರಿಗಳ ಹೊಟ್ಟೆಯ ಕೆಳಗೆ ಮಲಗಿದ್ದ ಕಾಲ. ಅಂತೋನಿ ಕರೆದರೆ ಸುಲಭಕ್ಕೆ ಬರುವವನಲ್ಲ. ಬಂದ ಮೇಲೆ, ಊಟ ಹಿಡಿಸಿದರೆ, ಸುಲಭಕ್ಕೆ ಹೋಗುವವನೂ ಅಲ್ಲ. ಗಿರಿಜೆಯ ಕೋಳಿಸಾರು ಅವನಿಗೆ ಹಿಡಿಸಿತು. ಗೋಣಿಚೀಲ ಹಾಸಿ ಎಂಜಿನ್ನನ್ನು ತುಂಡು ತುಂಡಾಗಿ ಬಿಚ್ಚಿ ಹರವಿದ. ನಡುನಡುವೆ, ಯಾವುದೋ ಲಾರಿ ತನ್ನ ಕೈ ತಾಕಿದ್ದೇ ತಡ ಹೇಗೆ ಘಾಟಿಯನ್ನು ನಗುತ್ತಾ ಹತ್ತಿತೆಂದು ವರ್ಣಿಸಿದ. ಪಿಸ್ಟನ್ನಿಗೆ ಹೊಸ ರಿಂಗು, ಹೊಸ ಬೇರಿಂಗು ಎಲ್ಲ ಆಯಿತು. ವಾಲ್ವುಗಳನ್ನು ಅರೆದು ಕೂರಿಸಿದ. ಕೊನೆಗೆ ಎರಡು ಹಳೆಯ ಸ್ಪ್ರಿಂಗುಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿ, "ಹ್ಞೂ" ಎಂದ.

ನಾನೂ ಬಗ್ಗಿ ನೋಡಿದೆ. "ಎಂಥ ಹ್ಞೂ?"

"ಸವೆದಿದಾವೆ. ಸ್ವಲ್ಪ ಗಿಡ್ಡ ಆಗಿದಾವೆ, ನೋಡಿ."

"ಹಂಗಾದ್ರೆ ಬದಲ್ಸಬೇಕಾ?"

"ಬದಲ್ಸಿದ್ರೆ ಒಳ್ಳೇದು ಗೌಡ್ರೇ." ಬೀಡಿ ಹಚ್ಚಿದ. "ಬದಲ್ಸದಿದ್ರೂ ನಡೀತದೆ."

ಲೋಕದಲ್ಲಿ ಎಂಥೆಂಥ ಕ್ರೂರ ಮಾತುಗಳಿವೆ. ಆದರೆ ಚಿಂತೆಯ ಮನುಷ್ಯನಿಗೆ ಇದಕ್ಕಿಂತ ಕ್ರೂರವಾದದ್ದನ್ನು ಯಾರೂ ಆಡಲಾರರು. ಬೇಕು ಎಂದಿದ್ದರೆ ತರುತ್ತಿದ್ದೆ. ಬೇಡ ಎಂದಿದ್ದರೆ, ಕೊಂಚ ಅನುಮಾನಪಟ್ಟಾದರೂ, ಸುಮ್ಮನಿರುತ್ತಿದ್ದೆ. ಅವನು ಎರಡು ಬಾಗಿಲನ್ನೂ ತೆರೆದಿಟ್ಟು ಬೀಡಿ ಸೇದುತ್ತಾ ಕೂತ.

"ನಡೀತದೆ ಅಂದ್ರೆ ಎಲ್ಲೀವರೆಗೆ ನಡೀತದೆ?"

"ನಿಲ್ಲೋವರೆಗೂ ನಡೀತದೆ."

"ಅಲ್ಲ ಮಾರಾಯ, ಇದು ನಿನ್ನದೇ ಎಂಜಿನ್ ಆಗಿದ್ರೆ ಎಂಥ ಮಾಡ್ತಿದ್ದೆ?"

"ನಂದೇ ಆಗಿದ್ರಾ?" ಅಂತೋನಿ ಹೊಗೆ ಬಿಟ್ಟ. "ಮಾರ್ತಿದ್ದೆ."

ಗೋಡೆಗೆ ಒರಗಿದ್ದ ಶೇಷಪ್ಪ ಬಿದ್ದು ಬಿದ್ದು ನಕ್ಕ. ನಗು ನಿಂತ ಮೇಲೆ ತೀರ್ಪು ಕೊಟ್ಟ. "ಕೊಟ್ಟು ಕಳ್ಸೋ ಸಾಮಾನಿಗೆ ಹೊಸ ಸ್ಪ್ರಿಂಗ್ ಯಾಕೆ? ನಂಗೆ ಬೇಡ. ನಿಂಗೆ ಹೆದ್ರಿಕೆ ಇದ್ರೆ ನಿನ್ನ ಪಾಲಿಂದು ನೀನು ಹಾಕ್ಸ್ಕ."

ಅವನು ಆಡಿದ್ದು ಹಾಸ್ಯಕ್ಕೆ. ಬೇರೆ ಯಾವ ಮನೆಯಲ್ಲಾದರೂ ಅದು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಂಡೆ, ಸೌಟು, ಬಾವಿಯ ಹಗ್ಗದವರೆಗೆ ಎಲ್ಲವನ್ನೂ ಪಾಲು ಮಾಡಿ ಕೈ ಪಳಗಿದ್ದ ನನಗೆ ಆ ಮಾತು ತೀರಾ ನ್ಯಾಯವಾಗಿ ಕಂಡಿತು. ಎರಡು ವಾಲ್ವು, ಎರಡು ಸ್ಪ್ರಿಂಗು, ಇಬ್ಬರು ಅಣ್ಣತಮ್ಮಂದಿರು. ದೇವರೇ ಅಳೆದು ಮಾಡಿದ ಹಾಗಿತ್ತು.

"ಹಂಗಾದ್ರೆ ಯಾವ್ದು ಯಾರ್ದು? ನೀನು ಕಿರಿಯವ, ನೀನೇ ಆರ್ಸು" ಎಂದೆ.

ಶೇಷಪ್ಪ ನನ್ನ ಮುಖವನ್ನೇ ನೋಡಿದ. ನಾನು ನಗುತ್ತಿಲ್ಲವೆಂದು ಗೊತ್ತಾದ ಮೇಲೆ ಗಂಭೀರವಾಗಿ ಎಂಜಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಗಾಳಿ ತಗಳೋದು ನಂಗಿರ್ಲಿ. ಹೊಗೆ ಬಿಡೋದು ನಿಂಗೇ ಸರಿ" ಎಂದ.

ಅಂತೋನಿ ಬೀಡಿ ಕೆಳಗಿಟ್ಟು ಎರಡೂ ಕೈಗಳಿಂದ ಹಣೆ ಹಿಡಿದುಕೊಂಡ.

ಸಾಗರದ ಅಂಗಡಿಯವನು ಜೋಡಿ ಒಡೆದು ಕೊಡುವುದಿಲ್ಲವೆಂದ. ಎಣ್ಣೆಕಾಗದದಲ್ಲಿ ಸುತ್ತಿದ ಎರಡನ್ನೂ ತಂದೆ. "ಹೇಗೂ ತಂದಾಗಿದೆ, ಇನ್ನೊಂದನ್ನ ನಿನ್ನದಕ್ಕೆ ಹಾಕ್ಸ್ಕಳೋ" ಎಂದರೆ ಶೇಷಪ್ಪ, "ಪಾಲಾದ ಮೇಲೆ ಪುಕ್ಕಟೆ ಗಿಕ್ಕಟೆ ಇಟ್ಕಳ್ಬಾರ್ದು" ಎಂದು ಕೈ ಕೊಡವಿದ. ಹೀಗೆ ನಮ್ಮ ಎಂಜಿನ್ನು ಒಂದು ಹೊಸ ಸ್ಪ್ರಿಂಗು, ಒಂದು ಹಳೆಯ ಸ್ಪ್ರಿಂಗು ತೊಟ್ಟು ಎದ್ದು ನಿಂತಿತು. ಹೊಗೆ ಬಿಡುವ ಕಡೆಯದು ಫಳಫಳ. ಗಾಳಿಯ ಕಡೆಯದು ಮಸಿ ಹಿಡಿದ ಮುದುಕ. ಹ್ಯಾಂಡಲ್ ಹೊಡೆದ ಕೂಡಲೇ ಕೆಮ್ಮದೆ ಹತ್ತಿಕೊಂಡಿತು. ಎಲ್ಲರೂ ಸಂತೋಷಪಟ್ಟರು. ನಾನು ಮುದುಕನನ್ನೇ ನೋಡುತ್ತಾ ನಿಂತೆ.

ಮರುದಿನ ವರದಮೂಲಕ್ಕೆ ಹೋದೆ. ದೇವರ ದರ್ಶನ ಮಾಡದೆ ಕಬ್ಬಿಗೆ ಕತ್ತಿ ಹಾಕುವುದು ಬೇಡವೆಂದು ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ ಹೋದದ್ದು ಸ್ಪ್ರಿಂಗಿಗಾಗಿ. ಯಾರ ಹೆಸರಿನಲ್ಲಿ ಪೂಜೆ ಎಂದು ಅರ್ಚಕರು ಕೇಳಿದರು. ಎಂಜಿನ್ನಿಗೆ ಗೋತ್ರವಿಲ್ಲ, ನಕ್ಷತ್ರವಿಲ್ಲ. ಶೇಷಪ್ಪನ ಹೆಸರು ಹೇಳಿಬಿಟ್ಟೆ. ಹೋಗುವಾಗ ಮಿಕ್ಕಿದ್ದ ಹೊಸ ಸ್ಪ್ರಿಂಗಿನ ಪೊಟ್ಟಣ ಬಸ್ಸಿನಲ್ಲಿ ಬಿದ್ದುಹೋದೀತೆಂದು ಅದನ್ನು ಗಿರಿಜೆಯ ಕೈಗೆ ಕೊಟ್ಟು, "ನೀರು ತಾಗಿಸ್ಬೇಡ, ಯಾರಿಗೂ ಕೊಡ್ಬೇಡ" ಎಂದು ಹತ್ತು ಬಾರಿ ಹೇಳಿದ್ದೆ. ಬಂದ ಮೇಲೆ ಭದ್ರವಾಗಿ ಹಿಂತಿರುಗಿಸಿದಳು. ದಾರ ಸುತ್ತಿ ಕಟ್ಟಿದ ಪೊಟ್ಟಣ. ಬಿಚ್ಚಿದರೆ ಗಾಳಿ ತಾಗಿ ತುಕ್ಕು ಹಿಡಿದೀತೆಂದು ಬಿಚ್ಚದೆ ನನ್ನ ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡೆ.

ಆ ಸಲದ ಆಲೆಮನೆಯಲ್ಲಿ ನಾನು ಮಾಡಿದ ಕೆಲಸ ಒಂದೇ. ಎಂಜಿನ್ನಿನ ಎದುರು ಮಣೆ ಹಾಕಿಕೊಂಡು ಕೂತು ಶೇಷಪ್ಪನ ಪಾಲಿನ ಸ್ಪ್ರಿಂಗನ್ನು ನೋಡುವುದು. ಸೊಂಟದಲ್ಲಿ ಬದಲಿ ಸ್ಪ್ರಿಂಗು ಸಿದ್ಧ. ಯಾರಾದರೂ ಎಲೆ ಕೇಳಿದರೆ ಸಂಚಿಗೆ ಕೈ ಹಾಕಿ ಮೊದಲು ಸ್ಪ್ರಿಂಗನ್ನು ತೆಗೆದು ತೊಡೆಯ ಮೇಲಿಟ್ಟು, ಆಮೇಲೆ ಎಲೆ ಕೊಡುತ್ತಿದ್ದೆ. ಎಂಜಿನ್ನು ನಿಂತರೆ ಕಡಿದ ಕಬ್ಬು ಹುಳಿಯಾದೀತೆಂದು ನೆಂಟರ ಮನೆಯಿಂದ ಒಂದು ಜೋಡಿ ಕೋಣಗಳನ್ನು ತಂದು ಕಟ್ಟಿದ್ದೆ. ಅವು ಒಂದು ಸುತ್ತೂ ಸುತ್ತದೆ ಕಬ್ಬಿನ ಸೋಗೆ ತಿಂದು ತಿಂದು, ಹೋಗುವಾಗ ಗುರುತು ಸಿಗದಷ್ಟು ದಪ್ಪವಾಗಿದ್ದವು.

ದಿನ ಕಳೆದಂತೆ ನನ್ನ ಕಿವಿ ಸೂಕ್ಷ್ಮವಾಯಿತು. ನನ್ನ ಪಾಲಿನ ಸ್ಪ್ರಿಂಗು ಟಕ್ ಎಂದು ಗಟ್ಟಿಯಾಗಿ ಮುಚ್ಚುತ್ತಿತ್ತು. ಅವನದು ಟಪ್ ಎಂದು, ಬಾಯಲ್ಲಿ ಹಲ್ಲಿಲ್ಲದವರ ಹಾಗೆ. ಶೇಷಪ್ಪನನ್ನು ಕರೆದು ಹೇಳಿದೆ.

"ಹೌದಾ?" ಕಿವಿ ಒಡ್ಡಿ ಕೇಳಿದ. "ಹೌದಪ್ಪ. ಟಪ್ ಅಂತದೆ."

"ಮೊನ್ನೆಗಿಂತ ಸೋತಿದೆ, ಅಲ್ದಾ?"

"ಪಾಪ, ವಯಸ್ಸಾತಲ್ಲ" ಎಂದು ತಲೆ ಆಡಿಸಿ ಕೊಪ್ಪರಿಗೆಯ ಕಡೆ ಹೋದ. ಒಲೆಯ ಹತ್ತಿರ ನೊರೆ ತೆಗೆಯುತ್ತಿದ್ದ ಗಿರಿಜೆಗೆ ಅದೇ ಹೊತ್ತಿಗೆ ಹೊಗೆ ಕಣ್ಣಿಗೆ ಹೋಗಿ ಕೆಮ್ಮು ಬಂತು. ಆ ವರ್ಷ ಅವಳಿಗೆ ಮತ್ತೆ ಮತ್ತೆ ಕೆಮ್ಮು ಬರುತ್ತಿತ್ತು. ನಾನು ಅದರ ಬಗ್ಗೆಯೂ ಚಿಂತೆ ಮಾಡಿದೆ.

ಸ್ಪ್ರಿಂಗು ಕುಣಿಯುವ ಎತ್ತರ ಅಳೆಯಲು ಪಕ್ಕದಲ್ಲಿ ಒಂದು ಕಡ್ಡಿ ನಿಲ್ಲಿಸಿದೆ. ಕಡ್ಡಿ ಎಂಜಿನ್ನಿನ ನಡುಕಕ್ಕೆ ಕುಣಿದು, ಸ್ಪ್ರಿಂಗು ದಿನಕ್ಕೊಂದು ಎತ್ತರ ತೋರಿಸಿತು. ಒಂದು ಮಧ್ಯಾಹ್ನ, ಕೊಪ್ಪರಿಗೆ ತುಂಬ ಹಾಲು ಕುದಿಯುತ್ತಿದ್ದಾಗ, ಎಂಜಿನ್ನು ತುಕ್ ತುಕ್ ಎನ್ನುತ್ತಿದ್ದದ್ದು ತುಕ್ ಎಂದಿತು. ಆಮೇಲೆ ಏನೂ ಎನ್ನಲಿಲ್ಲ.

"ಸ್ಪ್ರಿಂಗು!" ಎಂದು ನಾನು ಕೂಗಿದ ಕೂಗಿಗೆ ಕೋಣಗಳು ಮೇವು ಬಿಟ್ಟು ತಲೆ ಎತ್ತಿದವು. ಸಂಚಿಯಿಂದ ಪೊಟ್ಟಣ ತೆಗೆದೆ. ಮುಗಿಯಿತು, ನಡುವೆ ನಿಂತಿತು, ಇನ್ನು ಸಿಕ್ಕಿದಷ್ಟಕ್ಕೆ ಕೊಡುವುದೇ. ಶೇಷಪ್ಪ ಓಡಿ ಬಂದ. ಎಂಜಿನ್ನಿನ ಸುತ್ತ ಕಣ್ಣಾಡಿಸಿದ. ಮೇಲಿದ್ದ ಕ್ರೂಡಾಯಿಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕಿದ.

"ಬೆಳಿಗ್ಗೆ ಆಯಿಲ್ ಯಾರು ಹಾಕಿದ್ದು?"

ಆಯಿಲ್ ಹಾಕುವ ಪಾಳಿ ನನ್ನದು. ಕಡ್ಡಿ ನಿಲ್ಲಿಸುವ ಗಡಿಬಿಡಿಯಲ್ಲಿ ಮರೆತಿದ್ದೆ.

ಶೇಷಪ್ಪ ಡಬ್ಬ ತಂದು ಸುರಿದ. ಹ್ಯಾಂಡಲ್ ಹೊಡೆದ. ಎಂಜಿನ್ನು ಮತ್ತೆ ಶುರುವಾಯಿತು. ಕೈ ಒರೆಸಿಕೊಳ್ಳುತ್ತಿದ್ದವನನ್ನು ನಾನು ಮೆಲ್ಲಗೆ ಕೇಳಿದೆ. "ನಿಂತಿತಲ್ಲ ಶೇಷ. ಇದು ಲೆಕ್ಕಕ್ಕಾ?"

"ಎಂಜಿನ್ ಎಲ್ಲಿ ನಿಂತದ್ದು? ನಿಂತದ್ದು ನೀನು" ಎಂದ.

ಕಬ್ಬು ಮುಗಿಯಿತು. ಕೊನೆಯ ಡಬ್ಬಕ್ಕೂ ಜೋನಿ ಬೆಲ್ಲ ತುಂಬಿತು. ಪುಟ್ಟೇಗೌಡರು ಮರುದಿನ ಬರುತ್ತಾರೆಂದು ಸುದ್ದಿ ಬಂತು. ಆಲೆಮನೆ ಮುಗಿಯುವ ಹೊತ್ತಿಗೆ ತಾನಾಗಿ ಕೋಳಿಸಾರಿಗೆ ಬಂದಿದ್ದ ಅಂತೋನಿಯನ್ನು ನಾನು ಎಂಜಿನ್ನಿನ ಹತ್ತಿರ ಕರೆದುಕೊಂಡು ಹೋದೆ. ಶೇಷಪ್ಪನೂ ಗಿರಿಜೆಯೂ ಹಿಂದೆಯೇ ಬಂದರು. ಹೋಗುವುದಂತೂ ಹೋಗುತ್ತದೆ. ಆದರೆ ಸೋತ ಸ್ಪ್ರಿಂಗನ್ನು ಹೊತ್ತು ಪರರ ಮನೆಗೆ ಹೋಗುವುದು ಬೇಡ ಎಂದು ನನ್ನ ಮನಸ್ಸು ಹೇಳಿತ್ತು. ಪೊಟ್ಟಣವನ್ನು ಅಂತೋನಿಯ ಕೈಗಿಟ್ಟು, "ಆ ಹಳೇದನ್ನ ತೆಗೆದು ಇದನ್ನ ಹಾಕು. ಖರ್ಚು ನಂದೇ" ಎಂದೆ.

ಅಂತೋನಿ ಪೊಟ್ಟಣವನ್ನು ಅತ್ತಿತ್ತ ತಿರುಗಿಸಿದ. "ಇದು ನಾನೇ ಹಾಕಿದ ಗಂಟು ಅಲ್ವಾ?" ಎಂದ. ನಾನು ಏನನ್ನೂ ಅರ್ಥ ಮಾಡಿಕೊಳ್ಳುವ ಮೊದಲೇ ದಾರ ಬಿಚ್ಚಿದ. ಎಣ್ಣೆಕಾಗದದೊಳಗಿನಿಂದ, ಆಲೆಮನೆ ಮುಗಿಯುವವರೆಗೂ ನನ್ನ ಸೊಂಟದಲ್ಲಿ ಕೂತು ನನಗೆ ಧೈರ್ಯ ಕೊಟ್ಟಿದ್ದ ಬದಲಿ ಸ್ಪ್ರಿಂಗು ಹೊರಬಂತು. ಕಪ್ಪಗೆ, ಗಿಡ್ಡಗೆ, ಸವೆದು. ನಮ್ಮ ಹಳೆಯ ಮುದುಕ.

ಅಂತೋನಿ ಒಂದು ಬಟ್ಟೆ ತೆಗೆದುಕೊಂಡು ಎಂಜಿನ್ನಿನ ಮೇಲಿದ್ದ ಶೇಷಪ್ಪನ ಪಾಲಿನ ಸ್ಪ್ರಿಂಗನ್ನು ಒರೆಸಿದ. ಮಸಿ ಹೋಯಿತು. ಒಳಗೆ ಫಳಫಳ.

"ನೀವು ವರದಮೂಲಕ್ಕೆ ಹೋಗಿದ್ರಲ್ಲ ಗೌಡ್ರೇ, ಆವತ್ತೇ ಹಾಕಿದ್ದು. ಮಸಿ ಬಳಿದದ್ದು ನಾನಲ್ಲಪ್ಪ, ನಿಮ್ಮ ತಮ್ಮ."

ನಾನು ಗಿರಿಜೆಯ ಕಡೆ ತಿರುಗಿದೆ. "ಯಾರಿಗೂ ಕೊಡ್ಬೇಡ ಅಂದಿದ್ನಲ್ಲ?"

"ಒಂದು ಎಂಜಿನ್‌ಗೆ ಒಂದು ಹೊಸದು, ಒಂದು ಹಳೇದು ಹಾಕಿ ಕೂತಿದ್ರಿ ಅಣ್ಣತಮ್ಮ. ನೋಡಿದವರು ನಗಾಡ್ತಿದ್ರು. ನಿಮ್ಮ ತಮ್ಮ ಬಂದು, ಅತ್ತಿಗೆ ಕೊಡಿ, ಅಣ್ಣಯ್ಯಂಗೆ ಹೇಳ್ಬೇಡಿ ಅಂದ. ಕೊಟ್ಟೆ" ಎಂದಳು. ಅವಳ ಕೆಮ್ಮು ಪೂರ್ತಿ ವಾಸಿಯಾಗಿತ್ತು.

ನನ್ನನ್ನು ಕಾಡಿದ್ದು ಮೋಸವಲ್ಲ, ನನ್ನ ಕಿವಿ. ಹಾಗಾದರೆ ಅಷ್ಟು ದಿನ ನನಗೆ ಕೇಳಿದ ಆ ಹಲ್ಲಿಲ್ಲದ ಟಪ್ ಯಾವುದು? ಅಂಗಡಿಯಿಂದ ಆಗ ತಾನೇ ಬಂದ ಸ್ಪ್ರಿಂಗಿನಲ್ಲಿ ನಾನು ಮುಪ್ಪು, ದಣಿವು, ಕೊನೆಗಾಲ ಎಲ್ಲವನ್ನೂ ಕೇಳಿದ್ದೆ. ಅದು ದಿನದಿನಕ್ಕೆ ಕುಗ್ಗುವುದನ್ನು ಕಡ್ಡಿ ಇಟ್ಟು ಅಳೆದಿದ್ದೆ.

"ಬೇಡ ಅಂದವನು ಯಾಕೋ ಹಾಕ್ಸಿದೆ?" ಎಂದು ಶೇಷಪ್ಪನನ್ನು ಕೇಳಿದೆ.

"ಮತ್ತೆಂಥ ಮಾಡ್ಲಿ? ನಿನ್ನದು ಹೊಸದು, ನನ್ನದು ಹಳೇದು. ಎಲ್ಲಾದ್ರೂ ನಿಂತಿದ್ರೆ ನಿಂತದ್ದು ಶೇಷಪ್ಪನ ಪಾಲೇ ಅಂತ ಊರೆಲ್ಲ ಹೇಳ್ತಿತ್ತು."

"ಮಸಿ ಯಾಕೆ ಬಳ್ದೆ?"

"ಹೊಸದು ಹಾಕಿದೀನಿ ಅಂತ ಗೊತ್ತಾದ್ರೆ ನೀನು ಗೆದ್ದಂಗೆ ಆಗ್ತಿತ್ತಲ್ಲ" ಎಂದು ಹೇಳಿ ಗಾಣದ ಆ ಕಡೆಗೆ ಹೋಗಿ ಇಲ್ಲದ ಕಸ ಗುಡಿಸತೊಡಗಿದ.

ಮರುದಿನ ಪುಟ್ಟೇಗೌಡರು ಬಂದರು. ಕರಿ ಕೋಟು, ಕೈಯಲ್ಲಿ ಬೆತ್ತ, ಮಾತು ಕಡಿಮೆ. ಬೆಲ್ಲದ ನೀರು ಕುಡಿದು ನೇರ ಎಂಜಿನ್ನಿನ ಹತ್ತಿರ ಹೋಗಿ ಬೆತ್ತದ ತುದಿಯಿಂದ ಅದರ ಪಕ್ಕೆ ತಟ್ಟಿದರು. ನನ್ನ ಪಕ್ಕೆಗೇ ತಟ್ಟಿದ ಹಾಗಾಯಿತು.

"ರಿಪೇರಿ ಆಗಿದೆ ಅಂದ್ರಿ. ಒಂದ್ಸಲನೂ ನಿಲ್ಲಲಿಲ್ಲಂತೆ?"

ನಾನು ಶೇಷಪ್ಪನನ್ನು ನೋಡಿದೆ. ಇನ್ನು ಅವನು ಒಳ್ಳೆಯ ಬೆಲೆ ಹೇಳುತ್ತಾನೆ, ಇವರು ಒಪ್ಪುತ್ತಾರೆ, ಗಾಡಿ ಬರುತ್ತದೆ. ಶೇಷಪ್ಪ ತಲೆ ಕೆರೆದುಕೊಂಡ.

"ನಿಲ್ಲಲಿಲ್ಲ, ನಿಜ. ಆದ್ರೆ ಸುಳ್ಳು ಹೇಳ್ಬಾರ್ದು ನೋಡಿ ಗೌಡ್ರೇ. ಸ್ಪ್ರಿಂಗ್ ಎರಡೂ ಹೋಗಿದಾವೆ." ಎರಡಕ್ಕೂ ರಾತ್ರೋರಾತ್ರಿ ಮತ್ತೆ ಮಸಿ ಹತ್ತಿದ್ದು ಆಗ ನನ್ನ ಕಣ್ಣಿಗೆ ಬಿತ್ತು.

"ಬದಲ್ಸಲಿಲ್ವಾ?"

"ಎಲ್ಲಿ? ಹಳೇವೇ ಇದಾವೆ. ಯಾವತ್ತು ಎಂಥ ಆಗ್ತದೋ ಹೇಳಕ್ಕಾಗಲ್ಲ."

"ಹೊಸದು ಹಾಕಿದ್ರೆ ಸರಿಯಾಗ್ತದಲ್ಲ?"

"ಹಾಕ್ಬೋದಪ್ಪ. ಅಷ್ಟಕ್ಕೇ ಮುಗೀತದೆ ಅಂತ ನಾನು ಹೇಳೋನಲ್ಲ. ಬೇಕಾದ್ರೆ ನಮ್ಮಣ್ಣಯ್ಯನ್ನೇ ಕೇಳಿ. ಇದರ ಒಳಗೂ ಹೊರಗೂ ಅವನಿಗೆ ಗೊತ್ತು."

ಪುಟ್ಟೇಗೌಡರು ನನ್ನ ಕಡೆ ತಿರುಗಿದರು. ಶೇಷಪ್ಪ ಮೇಲೆ ಆಲೆಮನೆಯ ಮಾಡನ್ನು ನೋಡುತ್ತಿದ್ದ. ನಾನು ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ. ಎಷ್ಟೋ ವರ್ಷಗಳಿಂದ ಒಳಗೆ ಕೂಡಿಟ್ಟದ್ದನ್ನು ಹೊರಗೆ ಬಿಟ್ಟೆ, ಅಷ್ಟೇ. ಚಕ್ರ ಒಂದು ಕೂದಲಿನಷ್ಟು ಓಲಾಡುತ್ತದೆಯೇನೋ ಎಂಬ ನನ್ನ ಅನುಮಾನ, ಗಾಡಿಯಲ್ಲಿ ಸಾಗಿಸುವಾಗ ಕುಲುಕಿ ಒಳಗೆ ಏನಾದರೂ ಬಿರುಕು ಬಿಟ್ಟರೆ ಆ ಬಿರುಕು ಮೊದಲ ಆರು ತಿಂಗಳು ಕಾಣಿಸದೆ ಇರಬಹುದೆಂಬ ಭಯ, ಕೋಣಂದೂರಿನ ನೀರು ಈ ಡ್ರಮ್ಮಿಗೆ ಒಗ್ಗೀತೋ ಇಲ್ಲವೋ ಎಂಬ ಸಂಶಯ, ರಾತ್ರಿ ಮಲಗಿದಾಗ ಕಿವಿಯಲ್ಲಿ ಕೇಳುವ ಟಪ್, ಎಲ್ಲವನ್ನೂ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ನನ್ನ ಚಿಂತೆಯನ್ನು ನಡುವೆ ತಡೆಯದೆ ಕೇಳಿದರು. ನಾನು ಬೇರಿಂಗಿನ ವಿಷಯಕ್ಕೆ ಬರುವ ಹೊತ್ತಿಗೆ ಪುಟ್ಟೇಗೌಡರು ಬೆತ್ತ ಊರಿ ಹೊರಡಲು ತಿರುಗಿದ್ದರು.

"ಯೋಚ್ನೆ ಮಾಡಿ ಹೇಳ್ತೀನಿ" ಎಂದರು. ಯೋಚನೆ ಆಗಲೇ ಮುಗಿದಿತ್ತೆಂದು ಅವರ ನಡಿಗೆ ಹೇಳುತ್ತಿತ್ತು.

ಅವರು ಗೇಟು ದಾಟಿ ಹೋದರು. ಶೇಷಪ್ಪ ಗಾಣದ ಕಡೆಗೆ ನಡೆದ. "ಬೆಲ್ಟ್ ಬಿಚ್ಚಿ ಅಟ್ಟಕ್ಕೆ ಹಾಕಾಣ. ಇಲಿ ಕಡೀತದೆ" ಎಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಸುತ್ತಿಕೊಂಡು ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

"ಶೇಷ, ಸ್ಪ್ರಿಂಗ್ ನಿಜವಾಗೂ ಸರಿ ಇದಾವಲ್ಲ? ನೀನು ಅಷ್ಟು ಖಂಡಿತವಾಗಿ ಹೋಗಿದಾವೆ ಅಂದ್ಯಲ್ಲ ಅದಕ್ಕೆ ಕೇಳ್ದೆ."

ಶೇಷಪ್ಪ ನಗುತ್ತಾನೆಂದುಕೊಂಡೆ. ಅವನು ನಗಲಿಲ್ಲ. ಬೆಲ್ಟನ್ನು ಕೆಳಗಿಟ್ಟು, ಎಂಜಿನ್ನಿನ ಹತ್ತಿರ ಹೋಗಿ, ಬಗ್ಗಿ, ಗಾಳಿಯ ಕಡೆಯದನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದ. ಹೊಗೆಯ ಕಡೆಯದನ್ನು ಒತ್ತಿದ. ಮತ್ತೆ ಗಾಳಿಯ ಕಡೆಯದನ್ನು.

"ಸ್ಪಾನರ್ ತಗಂಬಾ, ಬಿಚ್ಚಿ ನೋಡಾಣ" ಎಂದ.